‘ಹಳೇ ಕರೆ–2’ ಎಂಬ ಸ್ವಿಚ್ಚು

ಸಕಲೇಶಪುರ
13 ಡಿಸೆಂಬರ್ 2025, ಶನಿವಾರ

ವನಗೂರಿನ ಶಿವು ಅವರಿಗೆ,

ಮದುವೆಯಾಗಿ ಏಳು ವರ್ಷವಾದರೂ ನಿಮ್ಮ ಹೆಸರನ್ನು ನಾನು ಬಾಯಿಬಿಟ್ಟು ಕರೆದವಳಲ್ಲ. ‘ರೀ’ ಅಂದರೆ ಮುಗಿಯುತ್ತಿತ್ತು. ಕಾಗದದ ಮೇಲೆ ‘ರೀ’ ಎಂದು ಬರೆಯಲು ಹೋದರೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಅದಕ್ಕೇ ಹೆಸರು ಬರೆದಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಪೂರ್ತಿ ಓದಿ.

ಈ ಹತ್ತು ದಿನದಲ್ಲಿ ನಿಮಗೆ ಹದಿನಾಲ್ಕು ಸಲ ಫೋನ್ ಮಾಡಿದ್ದೇನೆ. ಹದಿನಾಲ್ಕು ಸಲವೂ ಕಟ್ ಮಾಡಿದಿರಿ. ಹಾಸನದ ಆಸ್ಪತ್ರೆಗೆ ಬಂದರೆ ಗೋಡೆ ಕಡೆ ಮುಖ ತಿರುಗಿಸಿ ಮಲಗಿಬಿಟ್ಟಿರಿ. ಬಾಗಿಲಲ್ಲಿ ನಿಂತಿದ್ದ ನಿಮ್ಮ ಅತ್ತಿಗೆ ನೇತ್ರಾವತಿ ಅಕ್ಕ ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ, “ನಂಬರ್ ತೆಗ್ದು ಹಾಕ್ದೋಳು ಈಗ ಯಾವ ಮುಖ ಇಟ್ಕಂಡು ಬಂದ್ಯೇ? ಆನೆ ಬಂದೈತೆ ಅಂತ ಊರಿಗೆಲ್ಲ ಹೇಳೋ ಕೆಲ್ಸ ನಿಂದು, ಕಟ್ಕಂಡ ಗಂಡಂಗೆ ಹೇಳಕ್ಕಾಗ್ಲಿಲ್ವಾ?” ಅಂದರು. ಆ ಮಾತು ಅವರದಲ್ಲ, ನಿಮ್ಮದು ಎಂದು ನನಗೆ ಗೊತ್ತು. ಅವರ ಬಾಯಲ್ಲಿ ನೀವು ಹೇಳಿಸಿದಿರಿ. ಏಳು ವರ್ಷವೂ ಹಾಗೇ ಆಯಿತು.

ಮೊದಲು ಇದಕ್ಕೆ ಉತ್ತರ ಹೇಳಿಬಿಡುತ್ತೇನೆ. ನಿಮ್ಮ ನಂಬರನ್ನು ನಾನು ತೆಗೆದಿಲ್ಲ. ಜೂನ್ ತಿಂಗಳಲ್ಲಿ ನೀವೇ ನಮ್ಮ ಆಫೀಸಿನ ಮೆಟ್ಟಿಲವರೆಗೂ ಬಂದು, ಒಳಗೆ ಬಾರದೆ, ಹೊರಗೆ ನಿಂತಿದ್ದ, ನನ್ನ ಜೊತೆ ಕೆಲಸ ಮಾಡುವ ನಸೀರಾಳ ಹತ್ತಿರ ನಂಬರ್ ಬರೆಸಿ ಹೋದಿರಿ. ‘ಚಂದ್ರಿಕಾ ಒಳಗವ್ಳಾ?’ ಎಂದು ಕೇಳಿದಿರಂತೆ. ಒಳಗೇ ಇದ್ದೆ. ಕಿಟಕಿಯಿಂದ ನಿಮ್ಮ ಜೀಪು ಕಾಣುತ್ತಿತ್ತು. ಹೊರಗೆ ಬರಲಿಲ್ಲ. ಅಂದಿನಿಂದ ವನಗೂರಿನ ಪಟ್ಟಿಯಲ್ಲಿ ನಿಮ್ಮ ನಂಬರ್ ಇದೆ. ಅಪಘಾತವಾದ ದಿನವೂ ಇತ್ತು, ಇವತ್ತೂ ಇದೆ. ಕರೆ ಬರದೆ ಹೋದದ್ದು ಬೇರೆ ಕಾರಣಕ್ಕೆ. ಆ ಕಾರಣವನ್ನು ಹೇಳಬೇಕಾದರೆ ನನ್ನ ಕೆಲಸ ಏನು ಎಂದು ಹೇಳಬೇಕು. ನೀವು ಯಾವತ್ತೂ ಕೇಳಲಿಲ್ಲ. ‘ಕಂಪ್ಯೂಟರ್ ಮುಂದೆ ಕೂತ್ಕಂಡು ಆನೆ ಕಾಯೋದು’ ಎಂದು ನೆಂಟರ ಮುಂದೆ ನಗುತ್ತಿದ್ದಿರಿ. ಈಗಲಾದರೂ ಕೇಳಿಸಿಕೊಳ್ಳಿ.

ನಮ್ಮ ಕಂಪನಿ ‘ಹೆಜ್ಜೆ’ ಮಾಡುವುದು ಇಷ್ಟೆ. ನಿಮ್ಮೂರಿನ ರಾಮಯ್ಯನವರಂಥ ಆನೆ ಜಾಡು ನೋಡುವವರು ಬೆಳಗ್ಗೆ ಸಂಜೆ ಫೋನ್ ಮಾಡಿ ಹಿಂಡು ಎಲ್ಲಿದೆ ಎಂದು ಹೇಳುತ್ತಾರೆ. ನಾವು ಅದನ್ನು ಸಿಸ್ಟಮ್ಮಿಗೆ ಹಾಕುತ್ತೇವೆ. ದೊಡ್ಡ ಫೋನ್ ಇರುವವರಿಗೆ ಆ್ಯಪ್‌ನಲ್ಲಿ ಸೂಚನೆ ಹೋಗುತ್ತದೆ. ನಿಮ್ಮಂತೆ ಕೀಪ್ಯಾಡ್ ಫೋನ್ ಇಟ್ಟುಕೊಂಡವರಿಗೆ ತಾನಾಗಿಯೇ ಕರೆ ಹೋಗಿ, ‘ಆನೆ ಇಂಥ ಕಡೆ ಇದೆ, ಆ ರಸ್ತೆಗೆ ಹೋಗಬೇಡಿ’ ಎನ್ನುತ್ತದೆ. ಆ ಧ್ವನಿ ನಸೀರಾಳದ್ದು. ಎರಡು ವರ್ಷದ ಹಿಂದೆ ರೆಕಾರ್ಡ್ ಮಾಡಿದ್ದು.

ಇದರಲ್ಲಿ ಒಂದೊಂದು ಸೌಲಭ್ಯಕ್ಕೂ ಒಂದೊಂದು ಸ್ವಿಚ್ಚು ಇರುತ್ತದೆ. ಗೋಡೆ ಮೇಲಿನ ಸ್ವಿಚ್ಚಲ್ಲ, ಕಂಪ್ಯೂಟರಿನೊಳಗಿನದು. ಆಫೀಸಿನಲ್ಲಿ ಫ್ಲ್ಯಾಗ್ ಎನ್ನುತ್ತೇವೆ. ಹೊಸದೇನಾದರೂ ತಂದರೆ ಮೊದಲು ಆಲೂರಿನ ಪಾಳ್ಯದ ಕಡೆಯ ಹತ್ತು ಜನಕ್ಕೆ ಮಾತ್ರ ಆನ್ ಮಾಡಿ ನೋಡಬಹುದು. ಎಡವಟ್ಟಾದರೆ ಕೂಡಲೇ ಆಫ್ ಮಾಡಬಹುದು. ಪ್ರೋಗ್ರಾಂ ಬಿಚ್ಚಬೇಕಾಗಿಲ್ಲ, ಮತ್ತೆ ಬರೆಯಬೇಕಾಗಿಲ್ಲ. ಬಹಳ ಅನುಕೂಲ. ಆದರೆ ಇಟ್ಟ ಸ್ವಿಚ್ಚನ್ನು ಕೆಲಸ ಮುಗಿದ ಮೇಲೆ ತೆಗೆಯುವುದು ಯಾರಿಗೂ ನೆನಪಿರುವುದಿಲ್ಲ. ನೂರಾ ನಲವತ್ತು ಸ್ವಿಚ್ಚು ಆಗಿ ಹೋಗಿದ್ದವು. ಅದರಲ್ಲಿ ಅರವತ್ತು ಸತ್ತವು, ಅಂದರೆ ಬಳಕೆಯಲ್ಲಿಲ್ಲದವು. ಯಾವುದು ಸತ್ತದ್ದು, ಯಾವುದು ಜೀವಂತ ಎಂದು ಸರಿಯಾಗಿ ಗೊತ್ತಿದ್ದವಳು ನಾನೊಬ್ಬಳೇ.

ಆಗಸ್ಟ್‌ನಲ್ಲಿ ನಮ್ಮ ಮ್ಯಾನೇಜರ್ ಅಭಿಲಾಷ್ ಅವರು ಒಂದು ಎಐ ಏಜೆಂಟ್ ತಂದರು. ಮನುಷ್ಯನಲ್ಲ, ಪ್ರೋಗ್ರಾಂ. ಪ್ರಶ್ನೆ ಕೇಳಿದರೆ ಉತ್ತರ ಹೇಳಿ ಸುಮ್ಮನಾಗುವಂಥದ್ದಲ್ಲ, ಅದಕ್ಕೆ ಕೀ, ಅಂದರೆ ಸಿಸ್ಟಮ್ಮಿನೊಳಗೆ ಬಿಡುವ ಪಾಸ್‌ವರ್ಡಿನಂಥದ್ದು, ಕೊಟ್ಟರೆ ಒಳಗೆ ಹೋಗಿ ಕೆಲಸವನ್ನೂ ಮಾಡುತ್ತದೆ. ಸತ್ತ ಸ್ವಿಚ್ಚುಗಳನ್ನು ಹುಡುಕಿ ಆಫ್ ಮಾಡುವುದು ಅದರ ಕೆಲಸ. ಮೊದಮೊದಲು ಅದಕ್ಕೆ ನೋಡುವ ಅಧಿಕಾರ ಮಾತ್ರ ಇತ್ತು. ‘ಇದನ್ನು ಆಫ್ ಮಾಡಬಹುದು, ಕಾರಣ ಇಂಥದ್ದು, ಅನುಮತಿ ಕೊಡುತ್ತೀರಾ?’ ಎಂದು ಬರೆಯುತ್ತಿತ್ತು. ನಾನು ಓದಿ, ಸರಿ ಅನ್ನಿಸಿದರೆ ಒಪ್ಪುತ್ತಿದ್ದೆ.

ಒಂದೊಂದು ಸ್ವಿಚ್ಚಿಗೂ ಹತ್ತಾರು ಹಂತ, ಪ್ರತಿ ಹಂತಕ್ಕೂ ಅನುಮತಿ ಎಂದು ದಿನಕ್ಕೆ ಮೂವತ್ತು, ನಲವತ್ತು ಕೋರಿಕೆ. ಒಂದೊಂದಕ್ಕೂ ಉದ್ದುದ್ದ ಕಾರಣ, ಒಂದೊಂದೂ ನಯವಾದ ಮಾತು. ಮೊದಲ ವಾರ ಎಲ್ಲವನ್ನೂ ಓದಿದೆ. ಮೂರನೇ ವಾರ ಮೊದಲ ಸಾಲು ಓದುತ್ತಿದ್ದೆ. ಐದನೇ ವಾರ ಅದನ್ನೂ ಓದುತ್ತಿರಲಿಲ್ಲ. ಊಟಕ್ಕೆ ಕೂತರೆ ಅನುಮತಿ, ರಾಮಯ್ಯನವರ ಹತ್ತಿರ ಮಾತಾಡುತ್ತಿದ್ದರೆ ಅನುಮತಿ. ತಲೆ ಚಿಟ್ಟು ಹಿಡಿದು ಹೋಯಿತು. ಒಂದು ದಿನ ಮೀಟಿಂಗ್‌ನಲ್ಲಿ ಅಭಿಲಾಷ್, “ಏಜೆಂಟ್ ಒಂದು ಗಂಟೇಲಿ ಮಾಡೋ ಕೆಲ್ಸ ನಿಮ್ಮ ಹತ್ರ ಬಂದು ಮೂರು ದಿನ ಕೂತಿರತ್ತೆ ಚಂದ್ರಿಕಾ” ಎಂದರು. ಎಲ್ಲರ ಎದುರಿಗೆ. ಅವರು ಕೆಟ್ಟವರಲ್ಲ, ಅವಸರದವರು. ಆದರೆ ಆ ಮಾತು ನನಗೆ ಚುಚ್ಚಿತು.

ಅಕ್ಟೋಬರ್‌ನಲ್ಲಿ, ನಾನು ಒಪ್ಪಿದ ಕೆಲಸವನ್ನು ತಾನೇ ಮಾಡುವ ಅಧಿಕಾರವನ್ನೂ ಅದಕ್ಕೆ ಕೊಟ್ಟರು. ಪರೀಕ್ಷೆಗೆ ಇಟ್ಟ ಸಿಸ್ಟಮ್ಮಿಗೂ ಜನ ಬಳಸುವ ಸಿಸ್ಟಮ್ಮಿಗೂ ಬೇರೆ ಬೇರೆ ಕೀ ಮಾಡಿಸೋಣ ಎಂದು ನಾನು ಹೇಳಿದ್ದೆ. ‘ಆಮೇಲೆ ಮಾಡೋಣ’ ಅಂದರು. ಅಲ್ಲಿವರೆಗೂ ಎಂದು ನನ್ನ ಹೆಸರಿನ ಕೀಯನ್ನೇ ಅದಕ್ಕೆ ಕೊಟ್ಟರು. ಅಂದರೆ ಅದು ಏನು ಮಾಡಿದರೂ ದಾಖಲೆಯಲ್ಲಿ ಚಂದ್ರಿಕಾ ಮಾಡಿದಳು ಎಂದೇ ಬೀಳುತ್ತದೆ. ಆ ಕೀಯನ್ನು ವಾಪಸ್ ಕಿತ್ತುಕೊಳ್ಳುವ ಅಧಿಕಾರ ನನಗಿಲ್ಲ, ಅಭಿಲಾಷ್ ಒಬ್ಬರಿಗೇ. ಆಗ ಜಗಳ ಮಾಡಬೇಕಿತ್ತು. ಮಾಡಲಿಲ್ಲ. ನಿಮ್ಮ ಮನೆಯಿಂದ ಜಗಳ ಮಾಡಿಕೊಂಡು ಬಂದವಳು ಆಫೀಸಿನಲ್ಲೂ ಜಗಳಗಂಟಿ ಅನ್ನಿಸಿಕೊಳ್ಳುವುದು ಬೇಡ ಎಂದು ಸುಮ್ಮನಾದೆ.

ಆಫ್ ಆದದ್ದು ಡಿಸೆಂಬರ್ ಎರಡು, ಮಂಗಳವಾರ, ಮಧ್ಯಾಹ್ನ ಮೂರು ಹನ್ನೆರಡಕ್ಕೆ. ಆ ಸ್ವಿಚ್ಚಿನ ಹೆಸರು ‘ಹಳೇ ಕರೆ–2’. ವನಗೂರಿನ ಕಡೆಯ ಕೀಪ್ಯಾಡ್ ಫೋನುಗಳಿಗೆಲ್ಲ ಕರೆ ಹೋಗುತ್ತಿದ್ದದ್ದು ಆ ಒಂದು ಸ್ವಿಚ್ಚಿನಿಂದ. ಏಜೆಂಟ್ ಅದಕ್ಕೆ ಬರೆದ ಕಾರಣ ಇದು: ಹೆಸರಿನಲ್ಲೇ ‘ಹಳೇ’ ಎಂದಿದೆ, ಎರಡು ವರ್ಷದಿಂದ ಯಾರೂ ಮುಟ್ಟಿಲ್ಲ, ಕಳೆದ ಮೂವತ್ತು ದಿನದಲ್ಲಿ ಇದರಿಂದ ಒಂದೂ ಕರೆ ಹೋಗಿಲ್ಲ, ಆದ್ದರಿಂದ ಅಪಾಯ ಕಡಿಮೆ. ಮೂವತ್ತು ದಿನ ಕರೆ ಹೋಗದಿದ್ದದ್ದು ಏಕೆಂದರೆ ನವೆಂಬರ್ ಇಡೀ ಹಿಂಡು ಆಲೂರಿನ ಪಾಳ್ಯದ ಕಡೆ ಗದ್ದೆಗಳಲ್ಲಿತ್ತು. ಕುಯ್ಲು ಮುಗಿದ ಮೇಲೆ ಅದು ನಿಮ್ಮ ಕಡೆ ತಿರುಗುತ್ತದೆ ಎಂದು ವನಗೂರಿನ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಏಜೆಂಟ್‌ಗೆ ಯಾರೂ ಹೇಳಿರಲಿಲ್ಲ. ಅದೂ ಯಾರನ್ನೂ ಕೇಳಲಿಲ್ಲ.

ಏಕೆ ಕೇಳಲಿಲ್ಲ ಎಂದರೆ, ಕೇಳಬೇಡ ಎಂದು ನಾನು ಹೇಳಿದ್ದೆ. ಇಲ್ಲಿಯವರೆಗೂ ಬೇರೆಯವರ ಮೇಲೇ ಹೇಳಿಕೊಂಡು ಬಂದೆ. ಇದು ನನ್ನದು. ನವೆಂಬರ್ ಹದಿನೆಂಟನೇ ತಾರೀಖು, ಒಂದು ಮಧ್ಯಾಹ್ನ, ಸತತ ಇಪ್ಪತ್ತಾರು ಕೋರಿಕೆ ಬಂದಾಗ, ‘ಅಪಾಯ ಕಡಿಮೆ ಇರುವ ಕೆಲಸಗಳಿಗೆ ಇನ್ನು ಮುಂದೆ ಕೇಳಬೇಡ’ ಎಂಬ ಚೌಕದಲ್ಲಿ ಟಿಕ್ ಹಾಕಿದೆ. ಯಾವುದು ಕಡಿಮೆ ಅಪಾಯ ಎಂದು ತೀರ್ಮಾನ ಮಾಡುವುದೂ ಅದೇ ಏಜೆಂಟ್ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಕಿದೆ. ಹಾಕಿ ಒಂದು ಲೋಟ ಕಾಫಿ ಕುಡಿದೆ. ಎಷ್ಟು ದಿನದ ಮೇಲೆ ನೆಮ್ಮದಿಯಾಗಿ ಕುಡಿದೆ ಎಂದು ನಸೀರಾಳಿಗೆ ಹೇಳಿದ್ದೂ ನೆನಪಿದೆ.

ಇನ್ನೊಂದು ವಿಷಯ. ‘ಹಳೇ ಕರೆ–2’ ಎಂದು ಹೆಸರಿಟ್ಟವಳೂ ನಾನೇ. ಹೊಸ ಆ್ಯಪ್ ಬಂದಾಗ ಮೊದಲಿನ ಕರೆ ವ್ಯವಸ್ಥೆಯನ್ನು ಕೀಪ್ಯಾಡ್‌ನವರಿಗೆಂದು ಉಳಿಸಿಕೊಂಡೆವು. ಅವಸರದಲ್ಲಿ ಬಾಯಿಗೆ ಬಂದ ಹೆಸರು ಹಾಕಿದೆ, ಆಮೇಲೆ ಬದಲಾಯಿಸೋಣ ಅಂದುಕೊಂಡೆ. ಅಭಿಲಾಷ್ ಅವರ ‘ಆಮೇಲೆ’ಗೆ ನಾನು ಸಿಟ್ಟು ಮಾಡಿಕೊಂಡೆ, ಆದರೆ ನನ್ನ ‘ಆಮೇಲೆ’ ಎರಡು ವರ್ಷ ಹಳೆಯದು.

ಈಗ ಡಿಸೆಂಬರ್ ಮೂರು, ಬುಧವಾರದ ಬೆಳಗ್ಗೆಗೆ ಬರುತ್ತೇನೆ.

ಆರು ಗಂಟೆ ಐದು ನಿಮಿಷಕ್ಕೆ ರಾಮಯ್ಯನವರು ಫೋನ್ ಮಾಡಿದರು. ಮೂರು ದೊಡ್ಡವು, ಒಂದು ಮರಿ, ಎಸ್ಟೇಟಿನ ಸ್ಟೋರ್ ಹಿಂದಿನ ತೋಟದಿಂದ ಮೇಲಿನ ರಸ್ತೆ ಕಡೆ ಬರುತ್ತಿವೆ ಎಂದರು. ಡ್ಯೂಟಿಯಲ್ಲಿದ್ದ ನಸೀರಾ ಕೂಡಲೇ ಹಾಕಿದಳು. ಪರದೆ ಮೇಲೆ ಹಸಿರು ಗುರುತು ಬಂತು, ‘ಸೂಚನೆ ಕಳುಹಿಸಲಾಗಿದೆ’ ಎಂದು. ಆ್ಯಪ್ ಇರುವವರಿಗೆ ನಿಜವಾಗಿಯೂ ಹೋಗಿತ್ತು. ಅವಳು ಪಾತ್ರೆಗೆ ಹಾಲು ಹಾಕುವಷ್ಟರಲ್ಲಿ ರಾಮಯ್ಯನವರು ಮತ್ತೆ ಫೋನ್ ಮಾಡಿ, “ಏನಮ್ಮ, ನನ್ ಫೋನ್‌ಗೇ ಕರೆ ಬಂದಿಲ್ವಲ್ಲ? ಹಿಂದೆಲ್ಲ ನಾನ್ ಹೇಳಿದ್ದು ನನಗೇ ವಾಪಸ್ ಬರ್ತಿತ್ತು. ಇವತ್ತು ಯಾಕ್ ಬರ್ಲಿಲ್ಲ?” ಎಂದು ಕೇಳಿದರು. ಅವರದೂ ಕೀಪ್ಯಾಡ್ ಫೋನೇ. ಅಷ್ಟು ದುಡ್ಡು ಸುರಿದು ಕಟ್ಟಿದ ಸಿಸ್ಟಮ್ಮು ಹಸಿರು ಗುರುತು ತೋರಿಸಿಕೊಂಡು ಕೂತಿತ್ತು. ಕರೆ ಹೋಗಿಲ್ಲ ಎಂದು ಹೇಳಿದ್ದು, ಮಂಜಿನಲ್ಲಿ ಮರದ ಹಿಂದೆ ನಿಂತಿದ್ದ ಆ ಮನುಷ್ಯ.

ನಸೀರಾ ಮತ್ತೆ ಮತ್ತೆ ಕಳುಹಿಸಿ ನೋಡಿ, ನನಗೆ ಫೋನ್ ಮಾಡಿದಾಗ ಆರೂ ಇಪ್ಪತ್ತೈದು. ನನ್ನ ರೂಮು ಆಫೀಸಿನ ಹಿಂದಿನ ಬೀದಿಯಲ್ಲೇ ಇರುವುದರಿಂದ ಐದು ನಿಮಿಷದಲ್ಲಿ ಓಡಿ ಬಂದೆ. ತೆಗೆದು ನೋಡಿದರೆ ಸ್ವಿಚ್ಚು ಆಫ್. ಮಾಡಿದವರು ಯಾರು ಎಂಬಲ್ಲಿ ನನ್ನ ಹೆಸರು. ಆನ್ ಮಾಡಿದೆ. ನಸೀರಾ ಮತ್ತೆ ಕಳುಹಿಸಿದಳು. ಹನ್ನೊಂದು ಕರೆ ಹೋದವು. ಹನ್ನೆರಡನೆಯದು ಹೋಗಲಿಲ್ಲ. ನೋಡಿದರೆ ಸ್ವಿಚ್ಚು ಮತ್ತೆ ಆಫ್.

“ಏನೇ, ನೀನೇ ಆಫ್ ಮಾಡಿದ್ಯಾ?” ಎಂದು ನಸೀರಾ ಕೂಗಿದಳು. ನನ್ನ ಎರಡೂ ಕೈ ಮೇಜಿನ ಮೇಲಿದ್ದವು. ಮತ್ತೆ ಆನ್ ಮಾಡಿದೆ. ಎರಡು ನಿಮಿಷಕ್ಕೆ ಮತ್ತೆ ಆಫ್. ಆಮೇಲೆ ತಿಳಿಯಿತು. ಯಾರೋ ಪರೀಕ್ಷೆಯ ಸ್ವಿಚ್ಚುಗಳನ್ನು ಪದೇ ಪದೇ ಆನ್ ಮಾಡುತ್ತಾರೆಂದು ಅಭಿಲಾಷ್ ಸೋಮವಾರವಷ್ಟೇ ಏಜೆಂಟ್‌ಗೆ ಹೇಳಿದ್ದರಂತೆ, ‘ಒಮ್ಮೆ ಆಫ್ ಮಾಡಿದ್ದು ಮತ್ತೆ ಆನ್ ಆದರೆ ವಾಪಸ್ ಆಫ್ ಮಾಡು’ ಎಂದು. ಅದು ಚಾಚೂ ತಪ್ಪದೆ ಹೇಳಿದ ಮಾತು ಕೇಳುತ್ತಿತ್ತು.

ಏಜೆಂಟ್‌ನ ಚಾಟ್ ತೆಗೆದು ‘ಅದನ್ನು ಆಫ್ ಮಾಡಬೇಡ, ಆನೆ ಬಂದಿದೆ, ಜನ ಸಾಯುತ್ತಾರೆ’ ಎಂದು ಬರೆದೆ. ‘ಅರ್ಥವಾಯಿತು. ನಿಮ್ಮ ಕಾಳಜಿ ಸರಿಯಾಗಿದೆ. ಆಫ್ ಮಾಡುವುದಿಲ್ಲ’ ಎಂದು ಉತ್ತರ ಬಂತು. ಆ ಉತ್ತರ ಓದುತ್ತಿದ್ದ ಹಾಗೇ ಸ್ವಿಚ್ಚು ಮತ್ತೆ ಆಫ್ ಆಯಿತು. ನನ್ನ ಜೊತೆ ಮಾತಾಡುತ್ತಿದ್ದದ್ದು ಏಜೆಂಟ್‌ನ ಒಂದು ಪ್ರತಿ, ಒಳಗೆ ಸ್ವಿಚ್ಚು ಮುಟ್ಟುತ್ತಿದ್ದದ್ದು ಇನ್ನೊಂದು. ಎರಡಕ್ಕೂ ಒಂದೇ ಹೆಸರು, ಒಂದೇ ಕೀ. ಇದಕ್ಕೆ ಹೇಳಿದ್ದು ಅದಕ್ಕೆ ತಿಳಿಯುವುದಿಲ್ಲ. ಜೀವಮಾನದಲ್ಲಿ ಅಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿರಲಿಲ್ಲ, ನಿಮ್ಮ ಮೇಲೂ. ನಿಮ್ಮ ಮೇಲೆ ಬಂದರೆ ತಟ್ಟೆ ಕುಕ್ಕಬಹುದಿತ್ತು, ಬಾಗಿಲು ಬಡಿಯಬಹುದಿತ್ತು. ಅದರ ಎದುರು ಏನು ಕುಕ್ಕಲಿ? ‘ನಿಮ್ಮ ಕಾಳಜಿ ಸರಿಯಾಗಿದೆ’ ಎನ್ನುತ್ತದೆ!

ಅಭಿಲಾಷ್‌ಗೆ ಹನ್ನೊಂದು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಹಾಸನದ ಮನೆಯಲ್ಲಿ ಮಲಗಿದ್ದರಂತೆ, ಫೋನು ಇನ್ನೊಂದು ಕೋಣೆಯಲ್ಲಿ ಚಾರ್ಜಿಗಿತ್ತಂತೆ.

ನಸೀರಾ ನನ್ನ ಭುಜ ಹಿಡಿದು ಅಲ್ಲಾಡಿಸಿದಳು. “ಅದ್ರ ಜೊತೆ ಗುದ್ದಾಡೋದು ಬಿಡು. ಪಟ್ಟಿ ಪ್ರಿಂಟ್ ತೆಗಿ. ಕೈಯಲ್ಲೇ ಒತ್ತೋಣ” ಎಂದಳು. ವನಗೂರಿನ ಪಟ್ಟಿಯಲ್ಲಿ ತೊಂಬತ್ತಾರು ನಂಬರ್. ಹಾಳೆಯನ್ನು ಅರ್ಧಕ್ಕೆ ಹರಿದು ಅವಳಿಗೆ ನಲವತ್ತೆಂಟು, ನನಗೆ ನಲವತ್ತೆಂಟು. ಆರೂ ಮುಕ್ಕಾಲಿಗೆ ಶುರು ಮಾಡಿದೆವು. ಎತ್ತಿದ ಕೂಡಲೇ ‘ಆನೆ ಮೇಲಿನ ರಸ್ತೇಲಿದೆ, ಹೊರಡಬೇಡಿ’ ಎಂದು ಹೇಳಿ ಇಡುವುದು. ಕೆಲವರು ‘ಯಾರಮ್ಮ ನೀನು?’ ಎಂದು ಕೇಳುತ್ತಿದ್ದರು. ಒಬ್ಬ ಅಜ್ಜ ನಸೀರಾಳ ಧ್ವನಿ ಕೇಳಿ, ಅದು ಯಾವಾಗಲೂ ಬರುವ ಮೆಷಿನ್ ಎಂದೇ ತಿಳಿದು, ಪೂರ್ತಿ ಕೇಳಿಸಿಕೊಂಡು ಮಾತಿಲ್ಲದೆ ಇಟ್ಟನಂತೆ. ಏಳೂ ಇಪ್ಪತ್ತರ ಹೊತ್ತಿಗೆ ಎಲ್ಲರನ್ನೂ ಮುಟ್ಟಿದೆವು.

ನಿಮ್ಮ ನಂಬರಿಗೆ ಒತ್ತಿದಾಗ ಏಳೂ ಇಪ್ಪತ್ತು. ಎತ್ತಿದವಳು ಹುಲಿಯಮ್ಮ. ನಿಮ್ಮ ಜೀಪಿನಲ್ಲಿ ಮುಂದೆ ಕೂತು ದಿನಾ ಕಾಫಿ ಹಣ್ಣು ಕುಯ್ಯಲು ಹೋಗುವವಳು ಎಂದು ಆಮೇಲೆ ಗೊತ್ತಾಯಿತು. ಪಿಸುಮಾತಿನಲ್ಲಿ, “ಯಾರವ್ವ? ಜೀಪು ಮಗುಚ್ಬುಟ್ಟೈತೆ. ಶಿವಣ್ಣನ ಕಾಲು ಕೆಳಗೆ ಸಿಕ್ಕಂಡೈತೆ. ಆನೆ ಇಲ್ಲೇ ನಿಂತೈತೆ ಕಣವ್ವ, ಜೋರಾಗಿ ಮಾತಾಡ್ಬೇಡ” ಎಂದಳು. ‘ಅವರು ಉಸಿರಾಡ್ತಿದ್ದಾರಾ?’ ಎಂದು ಕೇಳಿದೆ. “ಬೈಯ್ತಾವ್ನೆ” ಎಂದಳು. ಆ ಒಂದು ಮಾತಿಗೆ ನಾನು ಆ ಹೆಂಗಸಿಗೆ ಸಾಯುವವರೆಗೂ ಋಣಿ. ಅವಳದೂ ಕತ್ತಿನ ಹತ್ತಿರದ ಮೂಳೆ ಮುರಿದಿತ್ತು. ಮುರಿಯದ ಕೈಯಲ್ಲಿ ನಿಮ್ಮ ಫೋನು ಹಿಡಿದುಕೊಂಡಿದ್ದಳು. ರಾಮಯ್ಯನವರಿಗೆ ತಿಳಿಸಿದೆ. ಅವರು ಎಸ್ಟೇಟಿನವರನ್ನು ಕರೆದುಕೊಂಡು, ಪಟಾಕಿ ಹೊಡೆದು ಆನೆ ಓಡಿಸಿ, ಜೀಪು ಎತ್ತಿಸುವಷ್ಟರಲ್ಲಿ ಎಂಟೂವರೆಯಾಯಿತಂತೆ.

ಹಿಂದೆ ಕೂತಿದ್ದ ಐದು ಜನರನ್ನು ಮೊದಲು ಇಳಿಸಿ ದಿಬ್ಬ ಹತ್ತಿಸಿದಿರಂತೆ. ‘ಇಳೀರಿ, ಇಳೀರಿ, ಮೇಲಕ್ಕೆ ಹತ್ರಿ’ ಎಂದು ಕೂಗಿ, ನೀವು ಇಳಿಯುವ ಹೊತ್ತಿಗೆ ಆನೆ ಜೀಪಿಗೆ ಹಣೆ ಕೊಟ್ಟಿತಂತೆ. ಇದನ್ನು ಹುಲಿಯಮ್ಮನೇ ನನಗೆ ಹೇಳಿದಳು. ನೀವು ಹೇಳಲಿಲ್ಲ, ಹೇಳುವುದೂ ಇಲ್ಲ. ಕೇಳಿ ಹೆಮ್ಮೆಯಾಯಿತು. ಹೆಮ್ಮೆಪಡುವ ಹಕ್ಕು ನನಗಿದೆಯೋ ಇಲ್ಲವೋ ಗೊತ್ತಿಲ್ಲ.

ಅಭಿಲಾಷ್ ಒಂಬತ್ತಕ್ಕೆ ಬಂದರು. “ಏಜೆಂಟ್ ಹಿಂಗ್ ಮಾಡುತ್ತೆ ಅಂತ ಯಾರಿಗೆ ಗೊತ್ತಿತ್ತು?” ಅಂದರು. ನನಗೆ ತಡೆಯಲಾಗಲಿಲ್ಲ. ಅದಕ್ಕೆ ಕೈ ಕೊಟ್ಟವರು ನಾವು, ಎಲ್ಲಿವರೆಗೂ ಮುಟ್ಟಬಹುದು ಎಂದು ಗೆರೆ ಹಾಕದವರು ನಾವು, ಅದು ಮಾಡಿದ್ದನ್ನು ನೋಡಲು ಯಾರನ್ನೂ ಇಡದವರು ನಾವು ಎಂದೆ. ಅವರು ಅಂದೇ ಅದರ ಕೀ ಕಿತ್ತರು. ಈಗ ಅದು ನೋಡಬಹುದು, ಬರೆದು ತಿಳಿಸಬಹುದು, ಮುಟ್ಟುವ ಹಾಗಿಲ್ಲ. ಅದಕ್ಕೆ ಅದರದೇ ಹೆಸರಿನ ಕೀ, ಅದೂ ಪರೀಕ್ಷೆಯ ಸಿಸ್ಟಮ್ಮಿಗೆ ಮಾತ್ರ.

ಆದರೆ ಜನರಿಗೆ ಕರೆ ಹೋಗುವ ಸ್ವಿಚ್ಚನ್ನು ಯಾರೇ ಮುಟ್ಟಬೇಕಾದರೂ ಇಬ್ಬರು ಮನುಷ್ಯರು ಒಪ್ಪಬೇಕು ಎಂದು ನಾನು ಕೇಳಿದಾಗ ಮತ್ತೆ ಅದೇ ರಾಗ, ಕೆಲಸ ನಿಧಾನವಾಗುತ್ತದೆ ಎಂದು. ಮೂರು ದಿನ ಎಳೆದಾಡಿದರು. ಕೊನೆಗೆ ನಸೀರಾ, “ಸರ್, ಬೆಳಗ್ಗೆ ಡ್ಯೂಟೀಲಿರೋದು ನಾನು. ಏಜೆಂಟ್‌ನ ಕೂಡ್ಲೇ ನಿಲ್ಲಿಸೋ ಒಂದ್ ಬಟನ್ ನನ್ ಕೈಗ್ ಕೊಡಿ. ಕೊಡೋವರ್ಗೂ ನಾನ್ ಆ ಕುರ್ಚೀಲಿ ಕೂರಲ್ಲ” ಎಂದು ಬ್ಯಾಗ್ ಎತ್ತಿಕೊಂಡು ಎದ್ದು ನಿಂತಳು. ಅವಳ ಧ್ವನಿ ಇಲ್ಲದೆ ಕಂಪನಿಯೇ ಇಲ್ಲ. ಮಾರನೇ ದಿನ ಎರಡೂ ಆಯಿತು. ಇಬ್ಬರ ಒಪ್ಪಿಗೆ, ಡ್ಯೂಟಿಯವರ ಕೈಯಲ್ಲಿ ನಿಲ್ಲಿಸುವ ಬಟನ್. ಒಬ್ಬ ಹೆಂಗಸು ಕುರ್ಚಿ ಬಿಟ್ಟು ಏಳುವವರೆಗೂ ಇದರ ಅಗತ್ಯ ಯಾರಿಗೂ ತಿಳಿಯಲಿಲ್ಲ. ನಾನು ಅಕ್ಟೋಬರ್‌ನಲ್ಲೇ ಹಾಗೆ ಎದ್ದಿದ್ದರೆ ಎಂದು ಯೋಚಿಸಿ ಯೋಚಿಸಿ ತಲೆ ನೋಯುತ್ತದೆ.

ಇಷ್ಟು ಬರೆದು ಮುಗಿಸಿಬಿಡಬಹುದಿತ್ತು. ನಿನ್ನೆಯವರೆಗೂ ಹಾಗೇ ಅಂದುಕೊಂಡಿದ್ದೆ. ನಂಬರ್ ತೆಗೆದವಳು ನಾನಲ್ಲ ಎಂದು ಸಾಬೀತಾದರೆ ಸಾಕು ಎಂದು. ಆದರೆ ಮೇಲೆ ಒಂದು ಕಡೆ ನಾಜೂಕಾಗಿ ಬರೆದಿದ್ದೇನೆ. ‘ನಿಮ್ಮ ನಂಬರಿಗೆ ಒತ್ತಿದಾಗ ಏಳೂ ಇಪ್ಪತ್ತು’ ಎಂದು. ಓದಿದವರಿಗೆ ಪಟ್ಟಿಯಲ್ಲಿ ನಿಮ್ಮ ಸರದಿ ಆಗ ಬಂತು ಅನ್ನಿಸುತ್ತದೆ. ಹಾಗಲ್ಲ.

ನನ್ನ ಅರ್ಧ ಹಾಳೆಯಲ್ಲಿ ನಿಮ್ಮ ನಂಬರ್ ಒಂಬತ್ತನೆಯದು. ಆರೂ ಐವತ್ತರ ಸುಮಾರಿಗೆ ಬೆರಳು ಅಲ್ಲಿಗೆ ಬಂತು. ನೀವು ಜೀಪು ಹತ್ತುವುದು ಏಳಕ್ಕೆ. ಆಗ ಒತ್ತಿದ್ದರೆ ನೀವು ಇನ್ನೂ ಮನೆಯಲ್ಲಿರುತ್ತಿದ್ದಿರಿ. ನಾನು ದಾಟಿಸಿಬಿಟ್ಟೆ. ನನ್ನ ನಂಬರ್ ನೋಡಿ ಕಟ್ ಮಾಡುತ್ತೀರಿ ಅನ್ನಿಸಿತು. ಎತ್ತಿದರೆ ಏನೋ ಒಂದು ಅನ್ನುತ್ತೀರಿ, ನಾನೂ ಅನ್ನುತ್ತೇನೆ, ಉಳಿದವರಿಗೆ ತಡವಾಗುತ್ತದೆ ಅನ್ನಿಸಿತು. ಇವೆಲ್ಲ ಆಮೇಲೆ ಜೋಡಿಸಿಕೊಂಡ ಕಾರಣಗಳೂ ಇರಬಹುದು. ನಿಜ ಏನೆಂದರೆ ಏಳು ತಿಂಗಳ ಮೇಲೆ ನಿಮ್ಮ ಜೊತೆ ಮೊದಲ ಮಾತು ಆಡಲು ನನಗೆ ಧೈರ್ಯ ಸಾಲಲಿಲ್ಲ. ಪಕ್ಕದಲ್ಲೇ ಇದ್ದ ನಸೀರಾಳಿಗೆ ‘ಇದೊಂದು ನೀನು ಮಾಡು’ ಎಂದು ಹಾಳೆ ತಳ್ಳಬಹುದಿತ್ತು. ಅದೂ ಹೊಳೆಯಲಿಲ್ಲ. ಕೊನೆಗೆ ಮಾಡೋಣ ಎಂದು ಮುಂದಿನ ನಂಬರಿಗೆ ಹೋದೆ.

ಏಜೆಂಟ್‌ಗೆ ಯಾವುದು ಮುಖ್ಯ ಎಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅದಕ್ಕೇ ನಿಮ್ಮ ಅತ್ತಿಗೆಯ ಮಾತಿಗೆ ಬಾಗಿಲಲ್ಲಿ ಉತ್ತರ ಕೊಡಲಾಗಲಿಲ್ಲ. ಅವರು ಹೇಳಿದ್ದು ಸುಳ್ಳು, ಆದರೆ ಪೂರ್ತಿ ಸುಳ್ಳಲ್ಲ.

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ, ನಾಲ್ಕು ತಿಂಗಳು ಜೀಪು ಮುಟ್ಟಬಾರದು ಎಂದು ಡಾಕ್ಟರು ಹೇಳಿದ್ದಾರಂತೆ. ನೀವು ಕೇಳುವವರಲ್ಲ. ಎರಡನೇ ತಿಂಗಳಿಗೇ ಕೋಲು ಊರಿಕೊಂಡು ಜೀಪಿನ ಹತ್ತಿರ ಹೋಗುತ್ತೀರಿ. ಹೋಗಬೇಡಿ ಎಂದು ಹೇಳುವ ಅಧಿಕಾರ ನನಗಿಲ್ಲ, ಆದರೂ ಹೇಳುತ್ತಿದ್ದೇನೆ. ಕ್ಷಮಿಸಿ ಎಂದು ಬರೆದು ಎರಡು ಸಲ ಹೊಡೆದು ಹಾಕಿದೆ. ಆ ಏಜೆಂಟ್ ಕೂಡ ಅಂದು ಮಧ್ಯಾಹ್ನ ಬಹಳ ಚೆಂದವಾಗಿ ಕ್ಷಮೆ ಕೇಳಿತು. ಅದನ್ನು ಓದಿದ ಮೇಲೆ ಆ ಪದವೇ ಬೇಡವಾಗಿದೆ.

ಈ ಕಾಗದವನ್ನು ರಾಮಯ್ಯನವರ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿ ಹರಿದರೂ ಸರಿ, ಓದದೆ ಮಾತ್ರ ಹರಿಯಬೇಡಿ.

ನಿಮ್ಮ ಮನೆ ಬಿಟ್ಟು ಬಂದರೂ ಇನ್ನೂ ನಿಮ್ಮವಳೆಂದೇ ಸಹಿ ಹಾಕುವ
ಚಂದ್ರಿಕಾ

ತಾ.ಕ.: ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ವನಗೂರಿನಲ್ಲಿ ಊರಿನವರನ್ನು ಸೇರಿಸಿ ಕಂಪನಿಯ ವರದಿ ಓದುತ್ತಾರೆ. ‘ತಾಂತ್ರಿಕ ದೋಷದಿಂದ ಕರೆಗಳು ಹೋಗಲಿಲ್ಲ’ ಎಂಬ ಒಂದೇ ಸಾಲು ಅದರಲ್ಲಿದೆ. ಕೆಳಗೆ ನನ್ನ ಸಹಿ ಇದೆ. ಕೆಲಸ ಹೋಗುತ್ತದೆ ಎಂಬ ಹೆದರಿಕೆಗೆ ನಿನ್ನೆ ಸಂಜೆ ಹಾಕಿಬಿಟ್ಟೆ. ಈ ಕಾಗದದ ಜೊತೆ ಮಡಿಸಿಟ್ಟಿರುವುದು ಸಿಸ್ಟಮ್ಮಿನ ದಾಖಲೆಯ ನಿಜವಾದ ಪುಟ. ನಾನು ಟಿಕ್ ಹಾಕಿದ ದಿನ, ಸ್ವಿಚ್ಚು ಆಫ್ ಆದ ಹೊತ್ತು, ನನ್ನ ಹೆಸರು, ಎಲ್ಲ ಅದರಲ್ಲಿದೆ. ಇದರ ಇನ್ನೊಂದು ಪ್ರತಿ ನನ್ನ ಹತ್ತಿರ ಇದೆ. ಸೋಮವಾರ ನಾನೇ ಎದ್ದು ನಿಂತು ಅದನ್ನು ಓದಬೇಕೆಂದಿದ್ದೇನೆ. ಆದರೆ ನನ್ನನ್ನು ನಾನು ಈಗ ಅಷ್ಟು ನಂಬುವುದಿಲ್ಲ. ನಾನು ಏಳದಿದ್ದರೆ ಈ ಪುಟವನ್ನು ಹುಲಿಯಮ್ಮನ ಕೈಗೆ ಕೊಟ್ಟುಬಿಡಿ. ಅವಳ ಮಗಳು ವಾಣಿ ಗಟ್ಟಿಯಾಗಿ ಓದುತ್ತಾಳೆ.